ಎರಡು ಬೆರಳಿನ ಸಂದು

ಸೇತುವೆಯ ಈಚೆ ಬುಡದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಹೆಂಗಸನ್ನು ಎಲ್ಲರೂ ಸೈಕಲಮ್ಮ ಎಂದೇ ಕರೆಯುತ್ತಿದ್ದರು. ಬಾಯಿ ಸ್ವಲ್ಪ ಜೋರು ಎಂದು ಬೆನ್ನ ಹಿಂದೆ ಹೇಳುವವರೂ ಇದ್ದರು. ಜೋರಾಗಿರದೆ ಇನ್ನೇನು ಮಾಡಬೇಕಿತ್ತು? ಇಪ್ಪತ್ತೆರಡು ವರ್ಷ ಬಸ್ಸಿನ ಹಾರನ್ನಿಗೆ ಎದುರಾಗಿ ಕೂತು ಗಿರಾಕಿಗಳ ಜೊತೆ ಮಾತಾಡಿ ನೋಡಿ, ಆಮೇಲೆ ಹೇಳಿ.

ಆ ಸೇತುವೆ ಮೊದಲು ಸಣ್ಣದಿತ್ತು. ವಾಹನ ಹೆಚ್ಚಾದವೆಂದು ಯಾರೋ ಜಾಣರು ಪಕ್ಕಕ್ಕೆ ಐದಡಿಯ ಇನ್ನೊಂದು ಪಟ್ಟಿ ಕಟ್ಟಿ ಸೇರಿಸಿದರು. ಹಳೆಯದಕ್ಕೂ ಹೊಸದಕ್ಕೂ ನಡುವೆ ಎರಡು ಬೆರಳು ಅಗಲದ ಸಂದು ಉಳಿದುಬಿಟ್ಟಿತು, ಈ ದಡದಿಂದ ಆ ದಡದವರೆಗೂ ಉದ್ದಕ್ಕೆ. ಕಾರಿಗೆ, ಬಸ್ಸಿಗೆ ಅದು ಲೆಕ್ಕಕ್ಕೇ ಇಲ್ಲ. ಸೈಕಲ್ಲಿನ ಚಕ್ರಕ್ಕೆ ಮಾತ್ರ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಫುಟ್‌ಪಾತಿನ ಮೇಲೆ ನೀರಿನ ಪೈಪು ಕಾಲು ಚಾಚಿಕೊಂಡು ಮಲಗಿದ್ದರಿಂದ ನಡೆಯುವವರು ರಸ್ತೆಗೆ ಇಳಿಯಬೇಕು. ಅವರನ್ನು ತಪ್ಪಿಸಲು ಸೈಕಲ್ಲಿನವರು ಸಂದು ದಾಟಬೇಕು. ಹಿಂದಿನಿಂದ ಬಸ್ಸು ಹಾರನ್ ಹೊಡೆದರೆ ಮತ್ತೆ ಈಚೆ ಬರಬೇಕು. ಬರುವಾಗ ಮುಂದಿನ ಚಕ್ರ ಸಂದಿನಲ್ಲಿ ಕೂತುಬಿಟ್ಟರೆ ಸೈಕಲ್ಲು ಅಲ್ಲೇ ನಿಲ್ಲುತ್ತದೆ, ಮೇಲಿದ್ದವರು ಮುಂದಕ್ಕೆ ಹೋಗುತ್ತಾರೆ.

ವಾರಕ್ಕೆ ನಾಲ್ಕೈದು ಸೊಟ್ಟ ಚಕ್ರ ಅಂಗಡಿಗೆ ಬರುತ್ತಿದ್ದವು. "ನಿಮಗೇನಮ್ಮಾ, ವ್ಯಾಪಾರ ಜೋರು" ಎಂದು ಪಕ್ಕದ ಝೆರಾಕ್ಸ್ ಅಂಗಡಿಯವನು ಒಮ್ಮೆ ಹಲ್ಲು ಕಿಸಿದ. "ನಿನ್ನ ಬಾಯಿಗಿಷ್ಟು ಗ್ರೀಸ್ ಹಾಕ" ಎಂದು ಸೈಕಲಮ್ಮ ಗದರಿಸಿದ ಮೇಲೆ ಅವನು ಆ ಮಾತು ಮತ್ತೆ ಎತ್ತಲಿಲ್ಲ.

ಯಾಕೆಂದರೆ ಆಕೆಯ ಒಬ್ಬಳೇ ಮಗಳು ದಿನವೂ ಅದೇ ಸೇತುವೆ ದಾಟುತ್ತಿದ್ದಳು. ಆಚೆ ದಡದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಡ್ಯೂಟಿ ಬೆಳಿಗ್ಗೆ ಆರಕ್ಕೆ, ಮೊದಲ ಬಸ್ಸು ಆರೂವರೆಗೆ. ಹಾಗಾಗಿ ಸೈಕಲ್ಲೇ ಗತಿ. ಹೋದ ವರ್ಷ ಡ್ಯೂಟಿ ಮುಗಿಸಿ ಬರುವಾಗ ಚಕ್ರ ಸಂದಿಗೆ ಸಿಕ್ಕಿ ಬಿದ್ದಳು. ಗದ್ದಕ್ಕೆ ಮೂರು ಹೊಲಿಗೆ. ಹಿಂದೆ ಬರುತ್ತಿದ್ದ ಬಸ್ಸು ಆಕೆಯ ತಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತ್ತು. ಡ್ರೈವರು ಕೆಳಗಿಳಿದು ಬಂದು ಬೈದು ಹೋದ. ಅವತ್ತಿನಿಂದ ಮಗಳು ಬರುವ ಹೊತ್ತಿಗೆ ಅಮ್ಮ ಸೇತುವೆಯ ಕಡೆಗೇ ಕಣ್ಣಿಟ್ಟು ಕೂರುತ್ತಿದ್ದಳು. ಮಗಳ ಬ್ರೇಕು, ಬೆಲ್ಲು, ಲೈಟು, ಟಯರು ಎಲ್ಲವನ್ನೂ ವಾರಕ್ಕೆರಡು ಸಲ ನೋಡುತ್ತಿದ್ದಳು. ಸೈಕಲ್ಲು ಸರಿ ಮಾಡಬಹುದು, ಸೇತುವೆಗೆ ಏನು ಮಾಡುವುದು?

ಅಂಥ ಹೊತ್ತಿನಲ್ಲಿ ಹಲ್ಲಿನ ಡಾಕ್ಟರು ಅಂಗಡಿಗೆ ಬಂದರು. ಸೇತುವೆಯ ಮೇಲೆ ನಡೆಯುವವರಿಗೂ ಸೈಕಲ್ಲಿನವರಿಗೂ ಬೇರೆ ದಾರಿ ಬೇಕು ಎಂದು ಅವರು ಒಂದು ಬಳಗ ಕಟ್ಟಿದ್ದರಂತೆ, ಅವರೇ ಅಧ್ಯಕ್ಷರಂತೆ. "ನಿಮ್ಮಂಥವರು ಬರ್ಬೇಕಮ್ಮಾ, ನಿಮ್ಮಂಥವರ ಧ್ವನಿ ಬೇಕು" ಎಂದರು. ಅವರ ಸೈಕಲ್ಲನ್ನು ಕಾರಿನ ನೆತ್ತಿಯ ಮೇಲೆ ಮಲಗಿಸಿ ಬೆಲ್ಟು ಬಿಗಿದಿದ್ದರು. ಅದರ ಟಯರಿನಲ್ಲಿ ಅಂಗಡಿಯಿಂದ ತಂದಾಗಿನ ರಬ್ಬರಿನ ಸಣ್ಣ ಸಣ್ಣ ಕೂದಲು ಇನ್ನೂ ಉದುರಿರಲಿಲ್ಲ. ರಸ್ತೆಯ ಮುಖವನ್ನೇ ನೋಡದ ಟಯರು. ಸೈಕಲಮ್ಮನಿಗೆ ಅಲ್ಲೇ ಗೊತ್ತಾಯಿತು ಇದು ಎಂಥ ಬಳಗ ಎಂದು. ಆದರೂ ಮಗಳ ಗದ್ದ ನೆನಪಾಗಿ ಹೋದಳು.

ಸಭೆ ನಡೆದದ್ದು ಡಾಕ್ಟರ ಕ್ಲಿನಿಕ್ಕಿನ ಮಹಡಿಯಲ್ಲಿ. ಮೇಲೆ ಹದಿಮೂರು ಜನ, ಕೆಳಗೆ ಒಂಬತ್ತು ಕಾರು. ಎಸಿ ಹಾಕಿದ ಕೋಣೆಯಲ್ಲಿ ಕೂತು ಅವರೆಲ್ಲ ಹೊಗೆಯ ಬಗ್ಗೆ ಮಾತಾಡಿದರು. ಆಮೇಲೆ ಬಳಗದ ಟಿ-ಶರ್ಟು ಹಸಿರಿರಬೇಕೋ ನೀಲಿ ಇರಬೇಕೋ ಎಂಬ ಚರ್ಚೆ ಶುರುವಾಯಿತು. ಒಂದು ಗಂಟೆ! ಒಬ್ಬ ವಕೀಲರು ಹಸಿರಿನ ಪರವಾಗಿ ವಾದಿಸಿದ ರೀತಿ ನೋಡಿದರೆ ಹಸಿರು ಬಣ್ಣಕ್ಕೆ ಜಾಮೀನು ಸಿಗುವುದು ಖಂಡಿತ ಎನಿಸುತ್ತಿತ್ತು. ಸೈಕಲಮ್ಮ ತಲೆ ಚಿಟ್ಟು ಹಿಡಿದು ಎದ್ದು ನಿಂತಳು.

"ನೋಡಿ, ನನ್ನ ಮಗಳು ಹೋದ ವರ್ಷ ಆ ಸೇತುವೆ ಸಂದಿಗೆ ಚಕ್ರ ಸಿಕ್ಕಿ ಬಿದ್ಲು. ಗದ್ದಕ್ಕೆ ಮೂರು ಹೊಲಿಗೆ ಬಿತ್ತು. ಬಸ್ಸು ತಲೆ ಪಕ್ಕಾನೇ ನಿಂತಿತ್ತು, ಇನ್ನೊಂಚೂರು ಆಗಿದ್ರೆ ಅವಳು ಇರ್ತಿರ್ಲಿಲ್ಲ. ನಿಮ್ಮ ದಾರಿ ಗೀರಿ ಆಮೇಲೆ ಕೇಳಿ. ಮೊದಲು ಆ ಸಂದು ಮುಚ್ಚಿಸಿ."

ಡಾಕ್ಟರು ಕಣ್ಣು ಮುಚ್ಚಿಕೊಂಡು ತಲೆದೂಗಿದರು. "ಎಂಥ ಮಾತು! ತಳಮಟ್ಟದ ಧ್ವನಿ ಅಂದ್ರೆ ಇದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಯಾಗಿದ್ದ ಹೆಂಗಸು ಪುಸ್ತಕದಲ್ಲಿ 'ಸಾರ್ವಜನಿಕರಿಂದ ಉತ್ತಮ ಬೆಂಬಲ' ಎಂದು ಬರೆದುಕೊಂಡಳು. ಆಮೇಲೆ ವಕೀಲರು ನೀಲಿ ಬಣ್ಣ ಬೇಗ ಕೊಳೆಯಾಗುತ್ತದೆ ಎಂದು ಮಾತು ಮುಂದುವರಿಸಿದರು.

ಚಪ್ಪಾಳೆ! ಮಗಳು ಬಿದ್ದದ್ದಕ್ಕೆ ಚಪ್ಪಾಳೆ ತಟ್ಟಿದ ಜನ. ಮನೆಗೆ ಬಂದು ಸೈಕಲಮ್ಮ ಅವರನ್ನು ಬೈದ ಬೈಗುಳ ಕೇಳಿ ಮಗಳು ಅನ್ನ ತಿನ್ನುತ್ತಿದ್ದವಳು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಳು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬಳಗದವರು ಸಹಿ ಸಂಗ್ರಹಿಸಿದರು, ಪತ್ರಿಕೆಯಲ್ಲಿ ಫೋಟೋ ಹಾಕಿಸಿದರು, ಮೇಯರರ ಮನೆಗೂ ಹೋಗಿ ಬಂದರು. ಮೇಯರರ ಹಲ್ಲಿಗೆ ಕ್ಯಾಪು ಕೂರಿಸಿದ್ದು ಇದೇ ಡಾಕ್ಟರಾದ್ದರಿಂದ ಮಾತು ಬೇಗ ನಡೆಯಿತು. ಎರಡು ತಿಂಗಳಲ್ಲಿ ಸೇತುವೆಯ ಅಂಚಿನಲ್ಲಿ ಎಂಟಡಿಯ ದಾರಿ ಮಂಜೂರಾಯಿತು. ಅರ್ಧ ನಡೆಯುವವರಿಗೆ, ಅರ್ಧ ಸೈಕಲ್ಲಿಗೆ. ಹಸಿರು ಬಣ್ಣ ಬಳಿದು, ಮೇಲೆ ಬಿಳಿ ಸೈಕಲ್ಲಿನ ಚಿತ್ರ ಬರೆದು, ಪಕ್ಕದ ಕಂಬಗಳನ್ನು ಆಮೇಲೆ ನೆಡುವುದೆಂದಾಯಿತು. ಐದಡಿಯ ಪಟ್ಟಿ ಮುಗಿದಲ್ಲಿ ಸಂದು ಇತ್ತಷ್ಟೇ? ಎಂಟಡಿ ಎಂದರೆ ಆ ಸಂದು ಸೈಕಲ್ಲಿನ ದಾರಿಯ ಒಳಗೇ ಬರಬೇಕು. ಬಂತು.

ಒಂದು ಬೆಳಿಗ್ಗೆ ಸೈಕಲಮ್ಮ ನೋಡುತ್ತಾಳೆ, ಬಣ್ಣದವರ ಮೇಸ್ತ್ರಿ ಬುಟ್ಟಿಯಿಂದ ಮರಳು ತೆಗೆದು ಸಂದಿಗೆ ಸುರಿಸುತ್ತಿದ್ದಾನೆ. ಹಿಂದೆಯೇ ಒಬ್ಬ ಅದನ್ನು ಹಲಗೆಯಿಂದ ಸಮ ಮಾಡುತ್ತಿದ್ದಾನೆ. ಅದರ ಮೇಲೆ ಇನ್ನೊಬ್ಬ ಹಸಿರು ಬಣ್ಣ ಬಳಿಯುತ್ತಿದ್ದಾನೆ.

"ಮರಳು ಯಾಕಪ್ಪಾ?"

"ಇಲ್ದಿದ್ರೆ ಬಣ್ಣ ಎಲ್ಲ ಸಂದಿಗೆ ಇಳಿದುಹೋಗುತ್ತಲ್ಲಮ್ಮಾ. ಮೇಲ್ಗಡೆ ಸಮ ಇರ್ಬೇಕು ಅಂತ ಆರ್ಡರಲ್ಲಿ ಬರ್ದಿದೆ."

"ಅದರ ಮೇಲೆ ಚಕ್ರ ಹತ್ತಿದ್ರೆ?"

ಮೇಸ್ತ್ರಿ ತಲೆ ಕೆರೆದುಕೊಂಡು ಯೋಚಿಸಿದ. "ಚಕ್ರದ ವಿಷಯ ನಮ್ಮ ಆರ್ಡರಲ್ಲಿ ಇಲ್ಲ" ಎಂದ.

ಸೈಕಲಮ್ಮ ಕೈಯಲ್ಲಿದ್ದ ಸ್ಪ್ಯಾನರನ್ನು ಒಣಗಿದ ಬಣ್ಣದ ಮೇಲಿಟ್ಟು ಒತ್ತಿದಳು. ಹಪ್ಪಳ ಮುರಿದ ಹಾಗೆ ಬಣ್ಣ ಒಡೆದು ಸ್ಪ್ಯಾನರು ಹಿಡಿಯವರೆಗೂ ಒಳಗಿಳಿಯಿತು. ಮೊದಲಾದರೆ ಸಂದು ಕಣ್ಣಿಗಾದರೂ ಕಾಣುತ್ತಿತ್ತು, ತಿಳಿದವರು ತಪ್ಪಿಸಿಕೊಳ್ಳುತ್ತಿದ್ದರು. ಈಗ ಅದಕ್ಕೆ ಬಣ್ಣ ಹಚ್ಚಿ, ಸೈಕಲ್ಲಿನ ಚಿತ್ರ ಬರೆದು, ಇಲ್ಲೇ ಬನ್ನಿ ಎಂದು ಕರೆಯುತ್ತಿದ್ದಾರೆ. ಕಣ್ಣಿಗೆ ಮಣ್ಣೆರಚುವುದು ಎಂಬ ಮಾತನ್ನು ಇಷ್ಟು ಚಾಚೂ ತಪ್ಪದೆ ಮಾಡಿ ತೋರಿಸಿದವರನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ.

ಅಂಗಡಿಗೆ ಬೀಗ ಹಾಕಿ ಸೀದಾ ನಗರಪಾಲಿಕೆಯ ಇಂಜಿನಿಯರ ಕಚೇರಿಗೆ ಹೋದಳು. ಇಂಜಿನಿಯರು ಕೇಳಿಸಿಕೊಂಡರು. "ಬಣ್ಣ ನಮ್ಮ ವಿಭಾಗ. ಸಂದು ಸೇತುವೆ ವಿಭಾಗಕ್ಕೆ ಸೇರಿದ್ದು" ಎಂದರು.

"ಅದೆಲ್ಲಿದೆ?"

"ಪಕ್ಕದ ರೂಮು."

"ಅಲ್ಲಿ ಯಾರಿದ್ದಾರೆ?"

"ನಾನೇ ಇನ್‌ಚಾರ್ಜು. ಆದ್ರೆ ಅಲ್ಲಿ ಕೂರೋದು ಮಧ್ಯಾಹ್ನ ಮೂರರ ಮೇಲೆ."

ಸೈಕಲಮ್ಮ ಬೆಂಚಿನ ಮೇಲೆ ಮೂರರ ತನಕ ಕೂತಳು. ಮೂರಕ್ಕೆ ಇಂಜಿನಿಯರು ಎದ್ದು, ಆಕೆಯ ಎದುರಿಗೇ ಹಾದು, ಪಕ್ಕದ ರೂಮಿಗೆ ಹೋಗಿ ಕೂತು, "ಹ್ಞಾಂ, ಏನಾಗ್ಬೇಕಿತ್ತಮ್ಮಾ?" ಎಂದರು, ಮೊದಲ ಸಲ ಮುಖ ನೋಡಿದವರ ಹಾಗೆ. ಆಕೆ ಎಲ್ಲವನ್ನೂ ಮತ್ತೆ ಹೇಳಿದಳು. ಅವರು ಮತ್ತೆ ಕೇಳಿಸಿಕೊಂಡರು. "ಇದಕ್ಕೆ ಬಣ್ಣದ ವಿಭಾಗದಿಂದ ನಮಗೊಂದು ಪತ್ರ ಬರ್ಬೇಕಾಗುತ್ತೆ" ಎಂದರು. ಆಕೆ ಆ ಮನುಷ್ಯನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ಬೈಯಲೂ ಲಾಯಕ್ಕಿಲ್ಲ ಅನ್ನಿಸಿ ಎದ್ದು ಬಂದಳು.

ಅಲ್ಲಿಂದ ಡಾಕ್ಟರ ಕ್ಲಿನಿಕ್ಕು. ಒಳಗೆ ಯಾರದೋ ಬಾಯಿ ಬಿಡಿಸಿ ಕೂರಿಸಿದ್ದರು. ಬಾಗಿಲಲ್ಲೇ ನಿಂತು ಹೇಳಿದಳು, ಬಣ್ಣದ ಕೆಳಗೆ ಬರೀ ಮರಳು, ಸ್ಪ್ಯಾನರು ಪೂರ್ತಿ ಇಳಿದುಹೋಯಿತು ಎಂದು.

"ನಾಡಿದ್ದು ಉದ್ಘಾಟನೆ, ಮೇಯರ್ ಬರ್ತಿದ್ದಾರೆ. ಈಗ ಇಂಥ ನೆಗೆಟಿವ್ ಮಾತು ಬೇಡಮ್ಮಾ. ಸಣ್ಣಪುಟ್ಟದ್ದು ಆಮೇಲೆ ಸರಿಹೋಗುತ್ತೆ" ಎಂದು ಡಾಕ್ಟರು ಕನ್ನಡಿ ಹಿಡಿದು ಮತ್ತೆ ಆ ಬಾಯಿಯೊಳಗೆ ಬಗ್ಗಿದರು.

ಮನೆಗೆ ಬಂದು ಮಗಳಿಗೆ ಹೇಳಿದಳು. "ಆ ಹಸಿರಿನ ಮೇಲೆ ಕಾಲಿಡ್ಬೇಡ. ಬಸ್ಸುಗಳ ಮಧ್ಯಾನೇ ಹೋಗು, ಅದೇ ವಾಸಿ."

"ನಾನು ನಿನ್ನ ಮಗಳಮ್ಮಾ. ಪೇಂಟ್ ನೋಡಿ ನಂಬ್ತೀನಾ?" ಎಂದಳು ಮಗಳು.

ಹೌದು, ಇವಳು ನಂಬುವುದಿಲ್ಲ. ಆದರೆ ದಣಿದು ಬರುವ ದಿನ, ಬಸ್ಸು ಬೆನ್ನಿಗೆ ಬಂದು ಹಾರನ್ ಹೊಡೆದ ದಿನ, ತಾನಾಗಿಯೇ ಹ್ಯಾಂಡಲು ಈಚೆಗೆ ತಿರುಗುವುದಿಲ್ಲವೇ? ಒಂದು ದಿನ ತಿರುಗಿದರೆ ಸಾಕಲ್ಲ. ಸೈಕಲಮ್ಮನ ಜೀವ ಅಲ್ಲೇ ಒದ್ದಾಡುತ್ತಿತ್ತು.

ಉದ್ಘಾಟನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಆಕೆ ಸೇತುವೆಯ ಬಾಯಲ್ಲಿ ಕೈಕಟ್ಟಿ ನಿಂತಳು. ಹೇಳಿ ಹೇಳಿ ಸಾಕಾಗಿತ್ತು. ಈಗ ಮನಸ್ಸಿನಲ್ಲಿ ಒಂದೇ ಆಸೆ, ಅದನ್ನು ಮುಚ್ಚಿಡುವುದೇಕೆ? ಮೇಯರು ಸೈಕಲ್ಲು ಹತ್ತಬೇಕು, ಹತ್ತು ಮಾರು ಹೋಗಬೇಕು, ಎಲ್ಲರ ಎದುರಿಗೆ ಮೂತಿ ಅಡಿಯಾಗಿ ಬೀಳಬೇಕು. ಆಗ ನೋಡೋಣ ಸಂದು ಯಾವ ವಿಭಾಗದ್ದು ಎಂದು.

ಮೇಯರು ರಿಬ್ಬನ್ ಕತ್ತರಿಸಿದರು. ಡಾಕ್ಟರ ಸೈಕಲ್ಲನ್ನು ಕಾರಿನ ನೆತ್ತಿಯಿಂದ ಇಳಿಸಿ ತಂದರು. ಮೇಯರು ಅದರ ಮೇಲೆ ಕೂತರು, ಎರಡೂ ಕಾಲು ನೆಲದ ಮೇಲೆ ಭದ್ರವಾಗಿ ಊರಿಕೊಂಡೇ. ಇಬ್ಬರು ಎರಡು ಕಡೆ ಹಿಡಿದುಕೊಂಡರು. ಫೋಟೋ ಆಯಿತು. ಮೇಯರು ಇಳಿದರು, ಸೈಕ್ಲಿಂಗ್ ಎಷ್ಟು ಆರೋಗ್ಯಕರ ಎಂದು ಐದು ನಿಮಿಷ ಮಾತಾಡಿದರು, ಕಾರು ಹತ್ತಿ ಹೋದರು. ಹಿಂದೆಯೇ ಬಳಗದ ಒಂಬತ್ತು ಕಾರುಗಳೂ ಆಚೆ ದಡಕ್ಕೆ ಊಟಕ್ಕೆ ಹೊರಟವು. ಎಲ್ಲರ ಮೈಮೇಲೂ ಹಸಿರು ಟಿ-ಶರ್ಟು. ಹೊಸ ದಾರಿಯ ಮೇಲೆ ಒಂದು ಚಕ್ರವೂ ಉರುಳಲಿಲ್ಲ. ಥೂ, ಬೀಳುವುದಕ್ಕೂ ಯೋಗ್ಯತೆ ಇಲ್ಲದ ಜನ ಎಂದುಕೊಂಡಳು ಸೈಕಲಮ್ಮ.

ಮಗಳ ಡ್ಯೂಟಿ ಮುಗಿಯುವುದು ಎರಡಕ್ಕೆ. ಇನ್ನು ಯಾರನ್ನೂ ಕಾಯುವುದಿಲ್ಲ ಎಂದು ಆಕೆ ಅಂಗಡಿಯ ಹಿತ್ತಲಲ್ಲಿ ರಾಶಿ ಬಿದ್ದಿದ್ದ ಹಳೆ ಟಯರುಗಳನ್ನು ಕೈಗಾಡಿಗೆ ತುಂಬಿಸಿದಳು. ಒಂದೊಂದನ್ನೂ ಕುಯ್ದು, ಉದ್ದಕ್ಕೆ ಮಡಿಚಿ, ಸಂದಿನ ಮರಳು ಕೆದಕಿ ತೆಗೆದು, ಒಳಗಿಟ್ಟು ಮರದ ಸುತ್ತಿಗೆಯಿಂದ ಬಡಿದಳು. ಅಳತೆಗೆ ಸರಿಯಾಗಿ ಬಿಗಿಯಾಗಿ ಕೂತಿತು. ತನ್ನ ಸೈಕಲ್ಲು ತಂದು ಅದರ ಮೇಲೆ ಹಿಂದೆ ಮುಂದೆ ಓಡಿಸಿ ನೋಡಿದಳು. ಚಕ್ರ ಇಳಿಯಲಿಲ್ಲ. ಇಷ್ಟೇ ಕೆಲಸ! ಇದಕ್ಕೆ ಎರಡು ವಿಭಾಗ, ಎರಡು ರೂಮು, ಎರಡು ಕುರ್ಚಿ, ಕೂರಲು ಒಬ್ಬನೇ ಗಂಡಸು.

ನಡೆದು ಹೋಗುತ್ತಿದ್ದ ಕೆಲವರು ನಿಂತರು. ಒಬ್ಬ ಗಾರೆ ಕೆಲಸದವ ಏನೂ ಕೇಳದೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮರಳು ಕೆದಕಲು ಶುರು ಮಾಡಿದ. ಒಂದು ಗಂಟೆಯಲ್ಲಿ ಸೇತುವೆಯ ಕಾಲು ಭಾಗ ಮುಗಿಯಿತು. ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿದ್ದರು. ಇಂಜಿನಿಯರು ಜೀಪಿನಲ್ಲಿ ಬಂದರು.

"ಏನ್ರೀ ಇದು? ಸರ್ಕಾರದ ಆಸ್ತಿ! ಬಣ್ಣ ಎಲ್ಲ ಹಾಳು ಮಾಡಿದ್ದೀರಿ. ಈ ಟಯರು ಎದ್ದು ಬಂದು ಯಾರಾದ್ರೂ ಬಿದ್ರೆ ಯಾರು ಜವಾಬ್ದಾರಿ?"

"ನಾನೇ. ಬರ್ಕೊಳ್ಳಿ. ಇಲ್ಲೀತನಕ ಬಿದ್ದವರಿಗೆಲ್ಲ ಯಾರು ಜವಾಬ್ದಾರಿ ಅಂತಾನೂ ಅದರ ಕೆಳಗೇ ಬರ್ಕೊಳ್ಳಿ."

"ಇಲ್ಲಿ ಯಾರೂ ಬಿದ್ದ ದಾಖಲೆ ಇಲ್ಲ" ಎಂದರು ಇಂಜಿನಿಯರು.

ಅಷ್ಟರಲ್ಲಿ ಆಚೆ ದಡದ ಕಡೆಯಿಂದ ಹಸಿರು ದಾರಿಯ ಮೇಲೆ ಒಂದು ಸೈಕಲ್ಲು ಬಂತು. ಹಲ್ಲಿನ ಡಾಕ್ಟರು! ಊಟವಾದ ಮೇಲೆ ಪತ್ರಿಕೆಯ ಫೋಟೋದವನು, ಅಧ್ಯಕ್ಷರು ಒಬ್ಬರೇ ಹೊಸ ದಾರಿಯಲ್ಲಿ ಬರುವ ಹಾಗೆ ಒಂದು ಚಿತ್ರ ಬೇಕು ಎಂದಿದ್ದನಂತೆ. ಅವನು ಮುಂದೆ ಮುಂದೆ ಓಡುತ್ತಿದ್ದ, ಡಾಕ್ಟರು ಒಂದು ಕೈ ಮೇಲೆತ್ತಿ ಬೀಸುತ್ತ ಬರುತ್ತಿದ್ದರು. ಬೆನ್ನಿಗೊಂದು ಬಸ್ಸು.

ಬೆಳಿಗ್ಗೆಯಿಂದ ಬೇಡಿಕೊಂಡಿದ್ದು ಕಣ್ಣೆದುರಿಗೇ ಬರುತ್ತಿತ್ತು. ಆದರೆ ಬಸ್ಸು ಕಂಡ ಕೂಡಲೇ ಸೈಕಲಮ್ಮ ಸುತ್ತಿಗೆ ಬಿಸಾಡಿ ಎದ್ದಳು. "ಡಾಕ್ಟ್ರೇ, ನಿಲ್ಲಿ! ಆಚೆ ಹೋಗಿ!" ಎಂದು ಕೂಗುತ್ತ ಓಡಿದಳು. ಡಾಕ್ಟರು ಅದನ್ನು ಜೈಕಾರ ಎಂದುಕೊಂಡರೋ ಏನೋ, ಆಕೆಯ ಕಡೆಗೂ ಕೈ ಬೀಸಿದರು. ಹ್ಯಾಂಡಲು ಹೊರಳಿತು. ಮುಂದಿನ ಚಕ್ರ ಬಣ್ಣ ಒಡೆದು ಮರಳಿನೊಳಗೆ ಕೂತಿತು. ಡಾಕ್ಟರು ಹಾರಿ ಮುಖ ಅಡಿಯಾಗಿ ಬಿದ್ದರು. ಬಸ್ಸು ಕಿರ್ರೆಂದು ಬ್ರೇಕು ಹಾಕಿ ಅವರ ಕಾಲ ಹತ್ತಿರ ನಿಂತಿತು.

ಬಸ್ಸಿನ ಹಿಂದೆಯೇ ಡ್ಯೂಟಿ ಮುಗಿಸಿ ಬರುತ್ತಿದ್ದ ಮಗಳು ಸೈಕಲ್ಲು ಬಿಸಾಕಿ ಓಡಿ ಬಂದಳು. ಅಮ್ಮ ಅವರನ್ನು ಎತ್ತಿ ಕೂರಿಸಿದಳು, ಮಗಳು ನೀರು ಹಾಕಿ ರಕ್ತ ತೊಳೆದು ಕರ್ಚೀಫು ಒತ್ತಿ ಹಿಡಿದಳು. ತುಟಿ ಸೀಳಿತ್ತು, ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು. ಡಾಕ್ಟರು ಹಲ್ಲಿನ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಆಮೇಲೆ ಚಕ್ರದ ಕಡೆ ನೋಡಿದರು. ಅವರ ಕಣ್ಣು ಅರಳಿತು.

"ಇಲ್ಲೊಂದು ಸಂದು ಇದೆ!" ಎಂದರು.

"ಹೌದಾ ಸಾರ್?" ಎಂದು ಇಂಜಿನಿಯರು ಓಡಿ ಬಂದು ಮಂಡಿಯೂರಿ ಬಗ್ಗಿ ನೋಡಿದರು. "ಹೌದಲ್ಲ ಸಾರ್! ಛೆ ಛೆ! ಎಷ್ಟು ಅಪಾಯ!"

ಪತ್ರ ಗಿತ್ರ ಒಂದೂ ಬೇಕಾಗಲಿಲ್ಲ. ಮೂರನೆಯ ದಿನಕ್ಕೆ ಲಾರಿಯಲ್ಲಿ ದಪ್ಪ ರಬ್ಬರಿನ ಪಟ್ಟಿಗಳು ಬಂದವು, ಯಂತ್ರ ಬಂತು, ಎಂಟು ಜನ ಬಂದರು. ಸೈಕಲಮ್ಮ ಬಡಿದು ಕೂರಿಸಿದ್ದ ಟಯರುಗಳನ್ನು ಕಿತ್ತು ಆಕೆಯ ಅಂಗಡಿಯ ಮುಂದೆಯೇ ಗುಡ್ಡೆ ಹಾಕಿದರು. ಎರಡೇ ದಿನದಲ್ಲಿ ಸಂದು ಈ ದಡದಿಂದ ಆ ದಡಕ್ಕೆ ಮುಚ್ಚಿಹೋಯಿತು. ಪತ್ರಿಕೆಯಲ್ಲಿ ತುಟಿಗೆ ಪ್ಲಾಸ್ಟರು ಹಾಕಿದ ಡಾಕ್ಟರ ಫೋಟೋ, 'ರಕ್ತ ಸುರಿಸಿದ ಹೋರಾಟಗಾರ'.

ಮಗಳು ಈಗ ಹಸಿರು ದಾರಿಯಲ್ಲೇ ಹೋಗುತ್ತಿದ್ದಳು. ಸೈಕಲಮ್ಮನಿಗೆ ಸಂತೋಷವಾಗಿತ್ತು, ಆಗಿಲ್ಲ ಎಂದರೆ ಸುಳ್ಳು. ಆದರೆ ಆ ಸಂತೋಷದ ಜೊತೆಗೇ ಕೋಪವೂ ಇತ್ತು. ಮಗಳ ಮೂರು ಹೊಲಿಗೆಗೆ ಬಾರದ ರಬ್ಬರು ಅವರ ಅರ್ಧ ಹಲ್ಲಿಗೆ ಬಂತಲ್ಲ!

ಹದಿನೈದು ದಿನ ಕಳೆದು ಡಾಕ್ಟರು ಸೊಟ್ಟಗಾದ ಚಕ್ರ ಹಿಡಿದುಕೊಂಡು ಅಂಗಡಿಗೆ ಬಂದರು. ಹಲ್ಲು ಹೊಸದು ಕೂರಿಸಿಕೊಂಡಿದ್ದರು. ಸೈಕಲಮ್ಮ ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ ಒಂದೊಂದೇ ಕಡ್ಡಿ ಬಿಗಿಮಾಡುತ್ತ ಕೂತಳು. ಎಷ್ಟೇ ಕೋಪವಿರಲಿ, ಚಕ್ರಕ್ಕೆ ಅರೆಬರೆ ಕೆಲಸ ಮಾಡುವ ಅಭ್ಯಾಸ ಆಕೆಗಿರಲಿಲ್ಲ.

"ತುಂಬಾ ನೋವಾಯ್ತಾ ಡಾಕ್ಟ್ರೇ?" ಎಂದು ಕೊನೆಗೆ ಕೇಳಿದಳು.

"ಅಯ್ಯೋ, ಕೇಳ್ಬೇಡಿ. ನೋವು ಹೋಗ್ಲಿ, ಆ ಬಸ್ಸು! ಕಣ್ಣು ಮುಚ್ಚಿದ್ರೆ ಈಗ್ಲೂ ಬ್ರೇಕಿನ ಶಬ್ದ ಕೇಳುತ್ತೆ. ನಿಮಗೆ ಗೊತ್ತಾಗಲ್ಲಮ್ಮಾ ಅದು."

"ನನ್ನ ಮಗಳೂ ಹಾಗೇ ಬಿದ್ದಿದ್ಲು. ಅದೇ ಜಾಗದಲ್ಲಿ."

ಡಾಕ್ಟರು ಗಾಬರಿಯಾಗಿ ಮುಂದಕ್ಕೆ ಬಗ್ಗಿದರು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು. "ಹೌದಾ! ಯಾವಾಗ? ಅವತ್ತು ನನ್ನ ರಕ್ತ ಒರೆಸಿದ ಆ ಹುಡುಗೀನಾ? ಛೆ, ಎಂಥ ಕೆಲಸ ಮಾಡಿದ್ರಿ ನೀವು. ಒಂದು ಮಾತು ಹೇಳೋದಲ್ವಾ? ಅವತ್ತೇ ಮಾಡಿಸಿಬಿಡ್ತಿದ್ದೆ."

ಸೈಕಲಮ್ಮನ ಕೈ ನಿಂತಿತು. "ಹೇಳಿದ್ದೆ" ಎಂದಳು. "ನಿಮ್ಮ ಎದುರಿಗೇ ಎದ್ದು ನಿಂತು ಹೇಳಿದ್ದೆ."

ಡಾಕ್ಟರು ಹಣೆ ಗಂಟಿಕ್ಕಿ ಯೋಚಿಸಿದರು. ಪ್ರಾಮಾಣಿಕವಾಗಿ, ತುಂಬ ಹೊತ್ತು ಯೋಚಿಸಿದರು.

"ಇಲ್ಲಮ್ಮಾ, ಹೇಳಿರ್ಲಾರಿರಿ" ಎಂದರು, ಸಮಾಧಾನ ಮಾಡುವ ದನಿಯಲ್ಲಿ. "ಹೇಳಿದ್ರೆ ನನಗೆ ನೆನಪಿರ್ತಿತ್ತು."